ನನ್ನ ಪಾಲಿಗೆ ಬರೀ ಬಾಲ

ಇವತ್ತು ಬೆಳಿಗ್ಗೆಯೂ ಅದೇ ಕತೆ. ಹಿತ್ತಲಿನ ದಾಸವಾಳಕ್ಕೆ ಸೂರಕ್ಕಿ ಬಂತು. ಕಾಫಿ ಲೋಟ ಅಲ್ಲೇ ಇಟ್ಟು, ಉಸಿರು ಬಿಗಿಹಿಡಿದು 47 ಫೋಟೋ ಹೊಡೆದೆ. ಒಂದರಲ್ಲಾದರೂ ಹಕ್ಕಿ ಇರಬೇಡವೇ? ಹಿಂದಿನ ತಂತಿಯಲ್ಲಿದ್ದ ಬಟ್ಟೆ ಕ್ಲಿಪ್ಪು ಮಾತ್ರ ಸ್ಪ್ರಿಂಗಿನ ತುಕ್ಕಿನ ಸಮೇತ ಅದ್ಭುತವಾಗಿ ಬಂದಿದೆ!

ಚಟಪಟ ಹಕ್ಕಿ ಮಸುಕಾಗದಿರಲು ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತು, ಸೆಕೆಂಡಿನ 1/1000 ಇಡಬೇಕಂತೆ. ಇಟ್ಟರೆ ಮಾವಿನ ಮರದಡಿ ಅಮಾವಾಸ್ಯೆ. ಚಿತ್ರ ಬೆಳಗಲಿ ಅಂತ ಐಎಸ್‌ಒ 6400ಕ್ಕೆ ಏರಿಸಿದರೆ ಹಕ್ಕಿ ಮೈಮೇಲೆಲ್ಲ ರವೆ ಚೆಲ್ಲಿದ ಹಾಗೆ. ಶಟರ್ 1/125ಕ್ಕೆ ಇಳಿಸಿದರೆ ಹಕ್ಕಿಯೇ ಹೊಗೆ. ಈ ಆಟೋಫೋಕಸ್ಸಿಗೋ ಎಲೆ ಕಂಡರೆ ಅದೇನು ಪ್ರೀತಿಯೋ!

ಇನ್ನು ಆ ಪಿಕಳಾರ. ಕ್ಯಾಮೆರಾ ಬೀರುವಿನಲ್ಲಿದ್ದಾಗ ಒಗೆಯೋ ಕಲ್ಲಿನ ಮೇಲೆ ಕೂತು ಮದುಮಗಳ ಹಾಗೆ ಕತ್ತು ಕೊಂಕಿಸುತ್ತೆ. ಲೆನ್ಸ್ ಮುಚ್ಚಳ ತೆಗೆದೆನೋ, ಬೆನ್ನು! ಅಳಿಲಿಗಂತೂ ತಲೆ ಅಂತ ಒಂದಿದೆ ಎನ್ನುವುದಕ್ಕೆ ನನ್ನ ಮೆಮೊರಿ ಕಾರ್ಡಿನಲ್ಲಿ ಪುರಾವೆಯೇ ಇಲ್ಲ.

ಅಷ್ಟರಲ್ಲಿ ಕರಿಬೇವು ಕೀಳಲು ಬಂದ ಅಮ್ಮ, ಗಾಜು ಒಡೆದ ಹಳೇ ಫೋನಿನಲ್ಲಿ ತಂತಿ ಮೇಲಿದ್ದ ಮಿಂಚುಳ್ಳಿಯನ್ನು ಒಂದೇ ಸಲಕ್ಕೆ ಹಿಡಿದಳು. ಕಣ್ಣು, ಕೆಂಪು ಕೊಕ್ಕು, ಕೊಕ್ಕಿನಲ್ಲಿ ಒದ್ದಾಡುತ್ತಿದ್ದ ಮಿಡತೆಯ ಕಾಲು ಸಹಿತ.

"ಅಷ್ಟುದ್ದದ್ದು ಕುತ್ತಿಗೆಗೆ ನೇತುಹಾಕ್ಕೊಂಡು ನೀನೇನೋ ಮಾಡ್ತಿದ್ದೆ?"

ಬಟ್ಟೆ ಕ್ಲಿಪ್ಪು ತೆಗೀತಿದ್ದೆ ಕಣಮ್ಮಾ.