ಡ್ಯಾಶ್‌ಬೋರ್ಡ್ ಹಸಿರು, ಬಿಲ್ಲು ಬಾಕಿ

ಪ್ರತಿ ತಿಂಗಳ ಮೊದಲ ವಾರ ಕಂಪನಿಯ ದೊಡ್ಡ ಮೀಟಿಂಗ್ ರೂಮಿನಲ್ಲಿ ಹಸಿರು ಕ್ರಾಂತಿ ನಡೆಯುತ್ತದೆ. ಐಟಿ ಮುಖ್ಯಸ್ಥರು ಪರದೆಯ ಮೇಲೆ ಎಲ್ಲದರ ಸ್ಥಿತಿಯನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ತೆರೆಯುತ್ತಾರೆ. ಸರ್ವರ್ ಹಸಿರು, ನೆಟ್‌ವರ್ಕ್ ಹಸಿರು, ಪ್ರಾಜೆಕ್ಟು ಹಸಿರು, ಐಟಿಗೆ ಬಂದ ದೂರುಗಳ ಟಿಕೆಟ್ಟು ಹಸಿರು. ಎದುರಿಗೆ ಕೂತ ಹಣಕಾಸು ವಿಭಾಗದವರ ಮುಖವೊಂದೇ ಕೆಂಪು. ಹೋದ ತಿಂಗಳ ಬಿಲ್ಲುಗಳಲ್ಲಿ ಅರ್ಧಕ್ಕರ್ಧ ಇನ್ನೂ ಗ್ರಾಹಕರ ಕೈಸೇರಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೊಂದು ಚೌಕವಿಲ್ಲ. ಚೌಕವೇ ಇಲ್ಲದ್ದಕ್ಕೆ ಬಣ್ಣ ಎಲ್ಲಿಂದ ಬರಬೇಕು? ಇಂಥ ವರದಿಗೆ ಐಟಿ ಮಂದಿಯೇ ಇಟ್ಟ ಅಡ್ಡಹೆಸರು ಕಲ್ಲಂಗಡಿ: ಹೊರಗೆ ಹಸಿರು, ಕೊಯ್ದರೆ ಕೆಂಪು. ಚಾಕು ತರುವವರನ್ನು ಮಾತ್ರ ಮೀಟಿಂಗಿಗೆ ಕರೆಯುವುದಿಲ್ಲ.

ಈ ಹಸಿರು ತಾನಾಗಿ ಬೆಳೆಯುವುದಿಲ್ಲ, ನೀರು ಗೊಬ್ಬರ ಹಾಕಿ ಬೆಳೆಸಬೇಕು. ಮೊದಲ ಬೆಳೆ ವ್ಯವಸ್ಥೆ ನಿಲ್ಲದೆ ನಡೆದ ಹೊತ್ತಿನ ಲೆಕ್ಕ, ಅಂದರೆ ಅಪ್‌ಟೈಮ್. 99.9 ಶೇಕಡಾ ಎಂದರೆ ಕೇಳುವವರಿಗೆ ನೂರಕ್ಕೆ ನೂರು ಎಂದಂತೆಯೇ ಕೇಳಿಸುತ್ತದೆ. ಲೆಕ್ಕ ಹಾಕಿದರೆ ಅದು 30 ದಿನದ ತಿಂಗಳಲ್ಲಿ 43 ನಿಮಿಷ ಮಲಗಲು ಸಿಕ್ಕ ಪರವಾನಗಿ. ಆ 43 ನಿಮಿಷ ಭಾನುವಾರ ನಸುಕಿನಲ್ಲಿ ಬಂದರೂ ಅಂಕಿ ಅದೇ. ತಿಂಗಳ ಕೊನೆಯ ಸಂಜೆ ಇಡೀ ಬಿಲ್ಲಿಂಗ್ ವಿಭಾಗ ಒಟ್ಟಿಗೆ ಲಾಗಿನ್ ಆದಾಗ ಬಂದರೂ ಅಂಕಿ ಅದೇ. ಸಾಲದ್ದಕ್ಕೆ ‘ಯೋಜಿತ ನಿರ್ವಹಣೆ’ ಎಂದು ಮುಂಚಿತವಾಗಿ ಒಂದು ಮೇಲ್ ಹಾಕಿಬಿಟ್ಟರೆ ಆ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಅಳೆಯುವ ಬಗೆ. ಸರ್ವರಿಗೆ ನಿಮಿಷಕ್ಕೊಮ್ಮೆ ‘ಇದ್ದೀಯಾ?’ ಎಂದು ಪಿಂಗ್ ಮಾಡುತ್ತಾರೆ, ಅದು ‘ಇದ್ದೀನಿ’ ಎನ್ನುತ್ತದೆ. ಲಾಗಿನ್ ಪುಟ ತೆರೆದಿದೆ, ಬಿಲ್ಲು ಸೇವ್ ಆಗುತ್ತಿಲ್ಲ, ಚೌಕ ಹಸಿರಾಗಿಯೇ ಇದೆ. ಐದು ನಿಮಿಷಕ್ಕೊಮ್ಮೆ ಒಂದು ಪರೀಕ್ಷಾ ಬಿಲ್ಲನ್ನು ತಾನೇ ಹಾಕಿ, ಸೇವ್ ಮಾಡಿ, ರದ್ದು ಮಾಡಿ ನೋಡುವ ಸ್ಕ್ರಿಪ್ಟ್ ಬರೆಯುವುದು ಅಂಥ ದೊಡ್ಡ ಕೆಲಸವೇನಲ್ಲ. ಬರೆದ ಮರುಕ್ಷಣ ಚೌಕ ಕೆಂಪಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಆ ಕೆಲಸ ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗಿನ ತಳದಲ್ಲಿ ತಣ್ಣಗೆ ಮಲಗಿದೆ.

ಆದರೆ ನಿಜವಾದ ಕೈಚಳಕ ಇರುವುದು ಟಿಕೆಟ್ಟಿನಲ್ಲಿ. ಎಂಟು ಕೆಲಸದ ಗಂಟೆಯೊಳಗೆ ಬಗೆಹರಿಸಬೇಕು ಎಂದು ಸೇವಾ ಒಪ್ಪಂದ, ಅಂದರೆ ಎಸ್‌ಎಲ್‌ಎ ಇದೆ ಅನ್ನಿ. ಏಳೂವರೆ ಗಂಟೆ ಟಿಕೆಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಒಂದು ಸಾಲು ಬರುತ್ತದೆ: ‘ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ.’ ಸ್ಕ್ರೀನ್‌ಶಾಟ್ ಟಿಕೆಟ್ಟಿನ ಜೊತೆಯಲ್ಲೇ ಇತ್ತು, ಇರಲಿ. ಸ್ಟೇಟಸ್ ‘ಬಳಕೆದಾರರ ಉತ್ತರಕ್ಕೆ ಕಾಯಲಾಗುತ್ತಿದೆ’ ಎಂದು ಬದಲಾದೊಡನೆ ಗಡಿಯಾರ ನಿಲ್ಲುತ್ತದೆ. ಮೂರು ಜ್ಞಾಪನೆ ಹೋಗುತ್ತವೆ, ಮೂರೂ ಉತ್ತರಿಸಲಾಗದ ವಿಳಾಸದಿಂದ. ಆಮೇಲೆ ಟಿಕೆಟ್ಟು ತಾನೇ ಮುಚ್ಚಿಕೊಳ್ಳುತ್ತದೆ. ಬಳಕೆದಾರ ಹೊಸ ಟಿಕೆಟ್ಟು ಹಾಕುತ್ತಾನೆ. ಹೊಸ ನಂಬರು, ಹೊಸ ಗಡಿಯಾರ. ಒಂದೇ ತೊಂದರೆಗೆ ಮೂರು ಟಿಕೆಟ್ಟು, ಮೂರೂ ಅವಧಿಯೊಳಗೆ ಮುಕ್ತಾಯ. ತಂಡದ ಉತ್ಪಾದಕತೆ ಮೂರು ಪಟ್ಟು, ತೊಂದರೆ ಇದ್ದಲ್ಲೇ. ಈ ಆಟ ಹಿಡಿಯಬೇಕೆಂದರೆ ಎರಡು ಅಂಕಿ ಸಾಕು: ಟಿಕೆಟ್ಟುಗಳು ‘ಕಾಯಲಾಗುತ್ತಿದೆ’ ಸ್ಥಿತಿಯಲ್ಲಿ ಒಟ್ಟು ಎಷ್ಟು ಹೊತ್ತು ಕೂತಿದ್ದವು, ಮತ್ತು ಅದೇ ಬಳಕೆದಾರ ಅದೇ ಪರದೆಯ ಬಗ್ಗೆ 14 ದಿನದೊಳಗೆ ಎಷ್ಟು ಸಲ ಮತ್ತೆ ಬಂದ. ಎರಡೂ ಅದೇ ಡೇಟಾಬೇಸಿನಲ್ಲಿ ಬಿದ್ದಿವೆ. ಅವನ್ನು ಹೊರತೆಗೆಯುವ ಕ್ವೆರಿ ಯಾರೂ ಬರೆದಿಲ್ಲ, ಅಷ್ಟೆ.

ಡೆವಲಪರುಗಳ ಕಡೆ ಬನ್ನಿ, ಅಲ್ಲಿ ಸ್ಟೋರಿ ಪಾಯಿಂಟಿನ ಸುಗ್ಗಿ. ಸ್ಟೋರಿ ಪಾಯಿಂಟ್ ಎಂದರೆ ಕೆಲಸ ಎಷ್ಟು ದೊಡ್ಡದೆಂದು ತಂಡವೇ ಅಂದಾಜಿನಲ್ಲಿ ಕೊಡುವ ಅಂಕ. ಹೋದ ಸ್ಪ್ರಿಂಟಿನಲ್ಲಿ, ಅಂದರೆ ಹೋದ ಸುತ್ತಿನ ಕೆಲಸದಲ್ಲಿ, 40 ಪಾಯಿಂಟ್ ಆಗಿತ್ತು, ಈ ಸಲ 52 ಬೇಕು ಎಂದು ಮೇಲಿನವರು ಹೇಳಿದರೆ ತಂಡ ಬೇಸರಿಸಿಕೊಳ್ಳುವುದಿಲ್ಲ. ಹೋದ ತಿಂಗಳು 3 ಇದ್ದ ಕೆಲಸ ಈ ತಿಂಗಳು 5. ದುಡಿಮೆ ಅಷ್ಟೇ, ವೇಗ ಹೆಚ್ಚು. ಸ್ಟೋರಿ ಪಾಯಿಂಟನ್ನು ಬಹುಶಃ ತಾನೇ ಹುಟ್ಟುಹಾಕಿದ್ದು, ಹಾಗಿದ್ದರೆ ಈಗ ಅದಕ್ಕೆ ವಿಷಾದವಿದೆ ಎಂದು ರಾನ್ ಜೆಫ್ರೀಸ್ ಬರೆದುಕೊಂಡಿದ್ದಾರೆ. ಅವರು ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟಬೇಕೆನ್ನುವ 2001ರ ಅಜೈಲ್ ಪ್ರಣಾಳಿಕೆಗೆ ಸಹಿ ಹಾಕಿದ 17 ಮಂದಿಯಲ್ಲಿ ಒಬ್ಬರು. ಸಹಿ ಹಾಕಿದವರಿಗೇ ಪಶ್ಚಾತ್ತಾಪ, ಸರ್ಟಿಫಿಕೇಟ್ ಪಡೆದವರಿಗೆ ಇನ್ನೂ ಉತ್ಸಾಹ.

ಹಿಂದೆ ಕೋಡಿನ ಸಾಲು ಎಣಿಸುತ್ತಿದ್ದರು. 1982ರಲ್ಲಿ ಆಪಲ್‌ನ ಲೀಸಾ ಕಂಪ್ಯೂಟರ್ ತಂಡದಲ್ಲಿ ವಾರಕ್ಕೆ ಎಷ್ಟು ಸಾಲು ಬರೆದಿರಿ ಎಂದು ಫಾರಂ ತುಂಬಿಸಿಕೊಳ್ಳುತ್ತಿದ್ದರು. ತಂಡದ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಒಂದು ವಾರ ಗ್ರಾಫಿಕ್ಸ್ ಕೋಡನ್ನು ಹೊಸದಾಗಿ ಬರೆದು, ವೇಗ ಹೆಚ್ಚಿಸಿ, ಸುಮಾರು 2,000 ಸಾಲು ಕಿತ್ತುಹಾಕಿದ್ದರು. ಫಾರಂನಲ್ಲಿ ಬರೆದದ್ದು: ಮೈನಸ್ 2000. ಕೆಲವು ವಾರಗಳ ನಂತರ ಅವರಿಂದ ಫಾರಂ ಕೇಳುವುದನ್ನೇ ನಿಲ್ಲಿಸಿದರು. ಇವತ್ತಾದರೆ ‘ಋಣ ಮೌಲ್ಯ ಸ್ವೀಕಾರಾರ್ಹವಲ್ಲ’ ಎಂದು ಫಾರಂ ತಾನೇ ಕೆಂಪಕ್ಷರದಲ್ಲಿ ಗದರುತ್ತಿತ್ತು.

ಇಷ್ಟಾದ ಮೇಲೆ ಯಾರೂ ಖಾಲಿ ಕೂರಬಾರದೆಂಬ ವ್ರತ. ಎಲ್ಲರ ಕ್ಯಾಲೆಂಡರೂ ನೂರಕ್ಕೆ ನೂರು ತುಂಬಿರಬೇಕು. ಸಾಲು ಎಷ್ಟು ಉದ್ದ ಬೆಳೆಯುತ್ತದೆಂದು ಲೆಕ್ಕ ಹಾಕುವ ಸರತಿ ಸಿದ್ಧಾಂತದ ಅತಿ ಸರಳ ಮಾದರಿಯನ್ನೇ ಹಿಡಿದು ನೋಡಿ: ತಂಡ 80 ಶೇಕಡಾ ತುಂಬಿದ್ದಾಗ ಒಂದು ಗಂಟೆಯ ಕೆಲಸ ಮುಗಿದು ಹೊರಬರಲು ಸರಾಸರಿ 5 ಗಂಟೆ. 90 ಆದರೆ 10, 95 ಆದರೆ 20. ನೂರು ಮುಟ್ಟಿದರೆ ಸರತಿಗೆ ಬಾಲವೇ ಕಾಣದು. ಕೆಲಸ ತಡವಾಯಿತೆಂದು ಇನ್ನೂ ಆರು ಜನರನ್ನು ತಂದು ಕೂರಿಸುತ್ತಾರೆ. ಮೊದಲಿದ್ದ ಆರು ಜನರ ನಡುವೆ ಮಾತಾಡಿಕೊಳ್ಳಬೇಕಾದ ಜೋಡಿಗಳು 15. ಹನ್ನೆರಡು ಜನರಾದರೆ 66. ತಡವಾದ ಪ್ರಾಜೆಕ್ಟಿಗೆ ಜನ ತುಂಬಿದರೆ ಇನ್ನೂ ತಡವಾಗುತ್ತದೆ ಎಂದು ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು. ಅದನ್ನು ಚರ್ಚಿಸಲು ಮೀಟಿಂಗ್ ಕರೆದಿದ್ದಾರೆ, ಹನ್ನೆರಡೂ ಜನ ಹೋಗಬೇಕು.

ಹೊಸ ವ್ಯವಸ್ಥೆಗೆ ದುಡ್ಡು ಮಂಜೂರಾಗುವ ಲೆಕ್ಕವೂ ನೋಡಲು ಚೆಂದ. ಒಬ್ಬರಿಗೆ ದಿನಕ್ಕೆ 10 ನಿಮಿಷ ಉಳಿತಾಯ, 2,000 ಉದ್ಯೋಗಿಗಳು, ಒಟ್ಟು ದಿನಕ್ಕೆ 333 ಗಂಟೆ, ಅಂದರೆ 41ಕ್ಕೂ ಹೆಚ್ಚು ಜನರ ಪೂರ್ಣ ದಿನದ ದುಡಿಮೆ. ಸ್ಲೈಡಿನಲ್ಲಿ ಆ 41 ಜನರ ಸಂಬಳ ‘ಲಾಭ’ ಎಂದು ಕೂತಿರುತ್ತದೆ. ಆ 41 ಜನ ಯಾರು, ಎಲ್ಲಿ ಕೂರುತ್ತಾರೆ ಎಂದು ಕೇಳಿದರೆ ಅವರು ಎಲ್ಲೂ ಇಲ್ಲ. ಹತ್ತು ಹತ್ತು ನಿಮಿಷದ ಚೂರುಗಳಾಗಿ 2,000 ಕುರ್ಚಿಗಳಲ್ಲಿ ಹಂಚಿಹೋಗಿದ್ದಾರೆ. ಸಂಬಳದ ಪಟ್ಟಿ ಒಂದು ಸಾಲೂ ಕಿರಿದಾಗುವುದಿಲ್ಲ. ಉಳಿದ ಹತ್ತು ನಿಮಿಷ ಹೊಸ ವ್ಯವಸ್ಥೆಯ ಪಾಸ್‌ವರ್ಡ್ ಬದಲಿಸುವುದಕ್ಕೆ ಸರಿಹೋಗುತ್ತದೆ.

ಇದರ ಬದಲು ಒಂದು ಹಾಳೆ ಸಾಕಿತ್ತು: ಬಿಲ್ಲು ಹೊರಡಲು ಈಗ ಸರಾಸರಿ 9 ದಿನ, ಅದು 4ಕ್ಕೆ ಇಳಿಯಬೇಕು, ಇಳಿಸುವ ಹೊಣೆ ಬಿಲ್ಲಿಂಗ್ ಮುಖ್ಯಸ್ಥರದ್ದು, ಐಟಿ ಅವರಿಗೆ ಕೈಜೋಡಿಸುತ್ತದೆ, ಗೋ-ಲೈವ್ ಆದ, ಅಂದರೆ ಹೊಸ ವ್ಯವಸ್ಥೆ ಬಳಕೆಗೆ ಬಂದ 90ನೇ ದಿನ ಅದೇ ಅಂಕಿಯನ್ನು ಅದೇ ರೀತಿಯಲ್ಲಿ ಮತ್ತೆ ಅಳೆಯಬೇಕು, ಇಳಿಯದಿದ್ದರೆ ಮುಂದಿನ ಹಂತದ ದುಡ್ಡು ಬಂದ್. ಇದನ್ನು ಬರೆಯಲು ಯಾರೂ ಒಪ್ಪುವುದಿಲ್ಲ, ಏಕೆಂದರೆ 90ನೇ ದಿನ ಎಂಬುದು ನಿಜವಾಗಿಯೂ ಬರುತ್ತದೆ.

ಹಾಳೆಯೂ ಬೇಡ, ಒಂದು ಬಿಲ್ಲನ್ನು ಹಿಡಿದು ಅದರ ಹಿಂದೆ ನಡೆದರೂ ಆದೀತು. ಎಂಟ್ರಿಗೆ 6 ನಿಮಿಷ, ಪರಿಶೀಲನೆಗೆ 4, ಕಳಿಸಲು 1. ಮಿಕ್ಕ ಒಂಬತ್ತು ದಿನ? ಅದರಲ್ಲಿ ಏಳು ದಿನ ಅದು ಒಬ್ಬರೇ ಮ್ಯಾನೇಜರರ ಇನ್‌ಬಾಕ್ಸಿನಲ್ಲಿ ಒಪ್ಪಿಗೆಗಾಗಿ ಕೂತಿತ್ತು; ಇಷ್ಟು ಮೊತ್ತ ದಾಟಿದರೆ ಮ್ಯಾನೇಜರರ ಒಪ್ಪಿಗೆ ಬೇಕು ಎಂದು ಎಂದೋ ಗೊತ್ತುಮಾಡಿದ ಮಿತಿ ಎಷ್ಟು ಚಿಕ್ಕದೆಂದರೆ ಈಗ ಪ್ರತಿಯೊಂದು ಬಿಲ್ಲೂ ಅದನ್ನು ದಾಟುತ್ತದೆ. ಮಿತಿ ಏರಿಸುವುದು ಸೆಟ್ಟಿಂಗ್ಸ್‌ನಲ್ಲಿ ಒಂದು ಅಂಕಿಯ ಬದಲಾವಣೆ. ಅದಕ್ಕೆ ವೆಂಡರ್ ಬೇಕಿಲ್ಲ, ಕೃತಕ ಬುದ್ಧಿಮತ್ತೆ ಬೇಕಿಲ್ಲ, ಉದ್ಘಾಟನೆಯ ಫೋಟೊ ಕೂಡ ಇಲ್ಲ. ಹಾಗಾಗಿ ಆ ಪ್ರಸ್ತಾವ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು, ಬದಲಿಗೆ 18 ತಿಂಗಳ ಡಿಜಿಟಲ್ ಪರಿವರ್ತನೆ ಮಂಜೂರಾಯಿತು.

18 ತಿಂಗಳು ಕಳೆದು, ಕಂಪನಿಯ ಎಲ್ಲ ವಿಭಾಗಗಳ ಲೆಕ್ಕವನ್ನು ಒಂದೇ ಕಡೆ ನಡೆಸುವ ಹೊಸ ಇಆರ್‌ಪಿ ಬಂದಿದೆ. ಬಳಕೆ ನೂರು ಶೇಕಡಾ ಎಂದು ವರದಿ, ಏಕೆಂದರೆ ಎಣಿಸುವುದು ಲಾಗಿನ್. ಲಾಗಿನ್ ಆದವರು ಏನು ಒತ್ತುತ್ತಾರೆ ಎಂದು ಯಾರಾದರೂ ನೋಡಿದರೆ ಅಲ್ಲಿ ಒಂದೇ ಗುಂಡಿ ಸವೆದಿದೆ: ‘ಎಕ್ಸೆಲ್‌ಗೆ ರಫ್ತು’. ಬಿಲ್ಲಿಂಗ್ ವಿಭಾಗದ ಮೂಲೆಯಲ್ಲಿ ಒಬ್ಬ ಗುಮಾಸ್ತೆ ಬೆಳಿಗ್ಗೆ ಎಲ್ಲವನ್ನೂ ಹೊರತೆಗೆದು, ತನ್ನ ಹಾಳೆಯಲ್ಲಿ ಸರಿಪಡಿಸಿ, ಸಂಜೆ ಮತ್ತೆ ಒಳಗೆ ತುಂಬುತ್ತಾಳೆ. ಕಂಪನಿ ನಡೆಯುತ್ತಿರುವುದು ಆ ಫೈಲಿನ ಮೇಲೆ. ಅದರ ಹೆಸರು ‘ಬಿಲ್ಲಿಂಗ್ ಫೈನಲ್ ಹೊಸದು 2 ಇದೇ ಸರಿ’. ಬ್ಯಾಕಪ್ ಇಲ್ಲ.

ಹೋದ ಗುರುವಾರ ಆ ಫೈಲು ತೆರೆಯಲಿಲ್ಲ. ಗುಮಾಸ್ತೆ ಟಿಕೆಟ್ಟು ಹಾಕಿದಳು. ವ್ಯಾಪಾರದ ಮೇಲೆ ಪರಿಣಾಮವಿಲ್ಲವೆಂದು ಅದಕ್ಕೆ ನಾಲ್ಕನೇ ಆದ್ಯತೆ ಸಿಕ್ಕಿತು. ಏಳೂವರೆ ಗಂಟೆಯ ನಂತರ ಉತ್ತರ ಬಂತು: ‘ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ.’