ಸ್ಟಿಕ್ಕರ್ ನೋಡಿ ಆಕ್ಸಿಜನ್ ರೀಡಿಂಗ್ ನಂಬಬೇಡಿ

ಆಕ್ಸಿಜನ್ ಅನಲೈಸರ್ (ಅನಿಲದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಮೀಟರ್) ಮೇಲೆ ಹೊಸ ಕ್ಯಾಲಿಬ್ರೇಷನ್ ಸ್ಟಿಕ್ಕರ್, ಅಂದರೆ ಗೊತ್ತಿರುವ ಅನಿಲ ಬಿಟ್ಟು ಅಳತೆ ಹೊಂದಿಸಿದ್ದೇವೆ ಅನ್ನುವ ಚೀಟಿ, ಇದ್ದರೆ ಸಾಕು, ಅದು ತೋರಿಸಿದ್ದೆಲ್ಲಾ ಸರಿ ಅಂತ ಎಷ್ಟೋ ಜನ ನಂಬಿಬಿಡುತ್ತಾರೆ. ಇದು ಅಪಾಯದ ನಂಬಿಕೆ. ನೈಟ್ರೋಜನ್ ಬಿಟ್ಟಾಗ ಸೊನ್ನೆ ಬಂತು, ಗಾಳಿ ಬಿಟ್ಟಾಗ 20.9% ಬಂತು, ಆ ಸ್ಟಿಕ್ಕರ್ ಹೇಳುವುದು ಅಷ್ಟೇ. ನಿಮ್ಮ ಪೈಪಿನಲ್ಲಿ ಹರಿಯುತ್ತಿರುವುದು ಇವೆರಡೂ ಅಲ್ಲ, ಅಲ್ವಾ?

ಪ್ಯಾರಾಮ್ಯಾಗ್ನೆಟಿಕ್ ಅನಲೈಸರನ್ನೇ ನೋಡಿ, ಅಂದರೆ ಕಾಂತಗುಣದಿಂದ ಆಕ್ಸಿಜನ್ ಅಳೆಯುವ ಬಗೆ. ಆಕ್ಸಿಜನ್ ಅಯಸ್ಕಾಂತದ ಕಡೆಗೆ ಎಳೆಯಲ್ಪಡುತ್ತದೆ. 1940ರ ಹೊತ್ತಿಗೆ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಜಲಾಂತರ್ಗಾಮಿಗಳಿಗಾಗಿ ಮಾಡಿದ ಮೀಟರ್ ಕೂಡ ಇದೇ ಗುಣದ ಮೇಲೆ ನಿಂತಿತ್ತು. ಚೆಂದದ ವಿಧಾನ, ನನಗೆ ತುಂಬಾ ಇಷ್ಟ. ಆದರೆ ಉಳಿದ ಅನಿಲಗಳಿಗೂ ಸ್ವಲ್ಪ ಕಾಂತಗುಣ ಇರುತ್ತದೆ. ನೈಟ್ರೋಜನ್‌ನಲ್ಲಿ ಸೊನ್ನೆ ಮಾಡಿದ ಅನಲೈಸರಿಗೆ ಶುದ್ಧ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಸುಮಾರು ಮೈನಸ್ 0.27% ತೋರಿಸುತ್ತದೆ. ಅಂದರೆ ಕಾರ್ಬನ್ ಡೈಆಕ್ಸೈಡ್ ತುಂಬಿದ ಟ್ಯಾಂಕಿನಲ್ಲಿ ನಿಜವಾಗಿ 0.2% ಆಕ್ಸಿಜನ್ ಇದ್ದರೂ ರೀಡಿಂಗ್ ಸೊನ್ನೆಗಿಂತ ಕೆಳಗೇ ಇರುತ್ತದೆ! ಆಗ ಕೆಲವರು ಸ್ಯಾಂಪಲ್ (ಅಳೆಯಬೇಕಾದ ಅನಿಲ) ಹರಿಯುತ್ತಿರುವಾಗಲೇ ಝೀರೋ ಬಟನ್ ಒತ್ತುತ್ತಾರೆ. ಇದ್ದ ಆಕ್ಸಿಜನ್ ಕೂಡ ಲೆಕ್ಕದಿಂದ ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಆಕ್ಸಿಜನ್ ಇಲ್ಲದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತಂದು ಸೊನ್ನೆ ಮಾಡಿ, ಇಲ್ಲವೇ ತಯಾರಕರು ಕೊಟ್ಟ ತಿದ್ದುಪಡಿ ಹಾಕಿ. ನೈಟ್ರಿಕ್ ಆಕ್ಸೈಡ್ ಜಾಸ್ತಿ ಇರುವ ಕಡೆ ಕತೆ ಉಲ್ಟಾ. ಅದರ ಎಳೆತ ಆಕ್ಸಿಜನ್‌ನದರ ಶೇ. 40ಕ್ಕಿಂತ ಹೆಚ್ಚು, ಹಾಗಾಗಿ ರೀಡಿಂಗ್ ಮೇಲೇರುತ್ತದೆ.

ಇನ್ನೊಂದು ಬಗೆಯದು, ಬಿಸಿ ಸೆರಾಮಿಕ್‌ನಿಂದ ಆಕ್ಸಿಜನ್ ಅಳೆಯುವ ಝಿರ್ಕೋನಿಯಾ ಸೆನ್ಸರ್, ನನ್ನನ್ನು ಇನ್ನೂ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅದು ಸುಮಾರು 700 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತದೆ, ಮೇಲೆ ಪ್ಲಾಟಿನಂ ಎಲೆಕ್ಟ್ರೋಡ್. ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಯಾವುದು ಬಂದರೂ ಅಲ್ಲೇ ಉರಿದು ಆಕ್ಸಿಜನ್ ತಿನ್ನುತ್ತದೆ. ಎರಡು ಪಾಲು ಹೈಡ್ರೋಜನ್ ಒಂದು ಪಾಲು ಆಕ್ಸಿಜನ್ ತಿಂದರೆ, ಒಂದು ಪಾಲು ಮೀಥೇನ್ ಎರಡು ಪಾಲು ತಿನ್ನುತ್ತದೆ. 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಪಾಲು) ಆಕ್ಸಿಜನ್ ಜೊತೆ 20 ಪಿಪಿಎಂ ಹೈಡ್ರೋಜನ್ ಇದ್ದರೆ ಆಕ್ಸಿಜನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುತ್ತದೆ ಮೀಟರ್. ಎಷ್ಟು ಸಲ ಕ್ಯಾಲಿಬ್ರೇಟ್ ಮಾಡಿದರೂ ಇದು ಸರಿಹೋಗದು. ಕ್ಯಾಲಿಬ್ರೇಷನ್ ಸಿಲಿಂಡರಿನಲ್ಲಿ ಹೈಡ್ರೋಜನ್ ಇರಲೇ ಇಲ್ಲವಲ್ಲ! ಅಂಥ ಕಡೆ ಬೇರೆ ಬಗೆಯ ಸೆನ್ಸರನ್ನೇ ಹಾಕಬೇಕು.

ಬ್ಯಾಟರಿಯಂತೆ ಕೆಲಸ ಮಾಡುವ ಸೆನ್ಸರಾದ ಗಾಲ್ವಾನಿಕ್ ಸೆಲ್‌ಗೆ ಈ ಉರಿಯುವ ತೊಂದರೆ ಇಲ್ಲ. ಆದರೆ ಒಳಗೆ ಕ್ಷಾರದ ದ್ರಾವಣ ಇದ್ದರೆ ಕಾರ್ಬನ್ ಡೈಆಕ್ಸೈಡ್ ಅದನ್ನು ಮೆಲ್ಲಗೆ ಕೆಡಿಸುತ್ತದೆ. ಆಮ್ಲದ ದ್ರಾವಣದ ಸೆಲ್ ಕೇಳಿ ತರಿಸಿ.

ಗಾಳಿಯಲ್ಲಿ ಸ್ಪ್ಯಾನ್ ಮಾಡುವವರಿಗೆ, ಅಂದರೆ ಗಾಳಿ ಬಿಟ್ಟು ಮೇಲಿನ ರೀಡಿಂಗ್ ಹೊಂದಿಸುವವರಿಗೆ, ಒಂದು ಮಾತು. 20.95% ಅನ್ನುವುದು ಒಣ ಗಾಳಿಯ ಲೆಕ್ಕ. 25 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವ ಹೀರಿದ್ದರೆ ಅದರಲ್ಲಿ ನೀರಾವಿಯೇ ಶೇ. 3ರಷ್ಟಿರುತ್ತದೆ, ಆಕ್ಸಿಜನ್ 20.3ರ ಹತ್ತಿರ ಇಳಿಯುತ್ತದೆ. ಅದನ್ನೇ ಸುಮ್ನೆ 20.9ಕ್ಕೆ ಹೊಂದಿಸಿದರೆ ಆಮೇಲೆ ಒಣ ಸ್ಯಾಂಪಲ್‌ಗೆ ಬರುವ ರೀಡಿಂಗ್ ಎಲ್ಲಾ ಜಾಸ್ತಿಯೇ. ಒತ್ತಡವೂ ಹಾಗೆಯೇ. ಸ್ಪ್ಯಾನ್ ಗ್ಯಾಸ್ ಒಂದು ಒತ್ತಡದಲ್ಲಿ, ಸ್ಯಾಂಪಲ್ ಇನ್ನೊಂದರಲ್ಲಿ ಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ.

ನನ್ನ ಕೇಳಿಕೆ ಇಷ್ಟೆ. ಕ್ಯಾಲಿಬ್ರೇಷನ್ ರಿಪೋರ್ಟಿನಲ್ಲಿ ಸ್ಯಾಂಪಲ್‌ನ ಉಳಿದ ಅನಿಲಗಳ ಹೆಸರು, ಅಂದಾಜು ಪ್ರಮಾಣ, ಅವುಗಳಿಗಾಗಿ ಹಾಕಿದ ತಿದ್ದುಪಡಿ, ಮೂರಕ್ಕೂ ಜಾಗ ಇರಲಿ. ಗೊತ್ತಿಲ್ಲದಿದ್ದರೆ ಪ್ಲಾಂಟ್ ನಡೆಸುವವರನ್ನು ಕೇಳಿ ತಿಳಿದುಕೊಳ್ಳಿ, ಆಮೇಲೆ ಸಿಲಿಂಡರಿನ ವಾಲ್ವ್ ತೆರೆಯಿರಿ.