ಇಲಿಬೋನಿಗೂ ಮೊದಲು

ಈ ಸಲದ ಆಷಾಢದಲ್ಲಿ ಸಕಲೇಶಪುರದ ಅಕ್ಕನ ಮನೆಯಲ್ಲಿದ್ದೆ. ಮೂರು ದಿನ ಬಿಡದೆ ಮಳೆ, ಕರೆಂಟಿಲ್ಲ. ಜಗಲಿಯಲ್ಲಿ ಕುಳಿತು ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯನ್ನು ಇಪ್ಪತ್ತು ವರ್ಷಗಳ ನಂತರ ಮತ್ತೆ ಓದಿದೆ.

ಇದನ್ನು ಓದಿದವರಿಗೆಲ್ಲ ಚಿತ್ರಹಿಂಸೆಯ ನೂರಾ ಒಂದನೇ ಕೋಣೆ ನೆನಪಿರುತ್ತದೆ, ಅಲ್ಲಿ ಕಥಾನಾಯಕ ವಿನ್‌ಸ್ಟನ್ ಸ್ಮಿತ್‌ನ ಮುಖಕ್ಕೆ ಹಿಡಿಯುವ, ಇಲಿಗಳಿರುವ ಬೋನು ನೆನಪಿರುತ್ತದೆ. ಕಾಲೇಜಿನಲ್ಲಿ ಓದಿದಾಗ ನನಗೂ ಅಷ್ಟೇ ಉಳಿದಿತ್ತು. ಈ ಸಲ ಕಣ್ಣಿಗೆ ಬಿದ್ದದ್ದು ಬೇರೆಯೇ ಪುಟ. ಜನರ ಯೋಚನೆಯನ್ನೂ ಬಿಡದೆ ಆಳುವ ಪಕ್ಷವೊಂದರ ಅಧಿಕಾರಿ ಓಬ್ರಿಯನ್, ತಾನೂ ಆ ಪಕ್ಷದ ವಿರೋಧಿ ಎಂದು ನಂಬಿಸಿ ವಿನ್‌ಸ್ಟನ್ ಮತ್ತು ಅವನ ಪ್ರೇಯಸಿ ಜೂಲಿಯಾರನ್ನು ಮನೆಗೆ ಕರೆಸಿಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಕೊಲೆ ಮಾಡಲು ಸಿದ್ಧವೇ? ಅಗತ್ಯ ಬಿದ್ದರೆ ಮಗುವಿನ ಮುಖಕ್ಕೆ ಆ್ಯಸಿಡ್ ಎರಚಲು? ವಿನ್‌ಸ್ಟನ್ ಎಲ್ಲಕ್ಕೂ ಹೂಂಗುಟ್ಟುತ್ತಾನೆ. ಇಬ್ಬರೂ ಅಗಲಿ, ಮತ್ತೆಂದೂ ಮುಖ ನೋಡದೆ ಇರಬಲ್ಲಿರಾ ಎಂದಾಗ ಮಾತ್ರ ಜೂಲಿಯಾ 'ಇಲ್ಲ' ಎನ್ನುತ್ತಾಳೆ. ಅದೇ ಮಾತು ವಿನ್‌ಸ್ಟನ್ ಬಾಯಿಂದ ಬರಲು ತುಸು ಹೊತ್ತು ಹಿಡಿಯುತ್ತದೆ.

ಮುಂದೆ ಸೆರೆಯಲ್ಲಿ, ನಾನು ನಿಮಗಿಂತ ಮೇಲು ಎಂದು ವಿನ್‌ಸ್ಟನ್ ಹೇಳಿದಾಗ ಓಬ್ರಿಯನ್ ವಾದಕ್ಕೇ ಇಳಿಯುವುದಿಲ್ಲ. ಆ ರಾತ್ರಿಯ ಧ್ವನಿಮುದ್ರಣ ಕೇಳಿಸುತ್ತಾನೆ, ಅಷ್ಟೆ. ಆ್ಯಸಿಡ್‌ಗೂ ಹೂಂ ಎಂದ ಅವನದೇ ದನಿ! ಅವನ ಬೆನ್ನು ಮುರಿದದ್ದು ಇಲ್ಲೇ ಎಂದು ನನ್ನ ಲೆಕ್ಕ. ಉಳಿದದ್ದು ಆ ಒಂದೇ ಒಂದು 'ಇಲ್ಲ'. ಅದನ್ನೂ ಕಿತ್ತುಕೊಳ್ಳಲು ಇಲಿಬೋನು ಬರುತ್ತದೆ. ನನಗೆ ಬೇಡ, ಜೂಲಿಯಾಗೆ ಮಾಡಿ ಎಂದು ಅವನೇ ಕಿರುಚುವವರೆಗೂ ಅದು ಮುಖದ ಮುಂದಿರುತ್ತದೆ.

ರಷ್ಯಾದ ಯೆವ್ಗೆನಿ ಜಮ್ಯಾಟಿನ್ ಇದಕ್ಕೂ ಮೊದಲೇ 'ನಾವು' ಎಂಬ ಕಾದಂಬರಿ ಬರೆದಿದ್ದ. ಅಲ್ಲಿ ಕಲ್ಪನಾಶಕ್ತಿಯನ್ನೇ ಶಸ್ತ್ರಚಿಕಿತ್ಸೆ ಮಾಡಿ ತೆಗೆದುಹಾಕುತ್ತಾರೆ. ಆಮೇಲೆ ತನ್ನ ಪ್ರೇಯಸಿಗೆ ಅವರು ಕೊಡುವ ಚಿತ್ರಹಿಂಸೆಯನ್ನು ನಾಯಕ ತಣ್ಣಗೆ ನೋಡುತ್ತಾ ಕೂರುತ್ತಾನೆ. ತಲೆಯೊಳಗಿನದನ್ನೇ ತೆಗೆದ ಮೇಲೆ ಅವನನ್ನು ಏನೆಂದು ಕೇಳುವುದು? ವಿನ್‌ಸ್ಟನ್‌ಗೆ ಆ ರಿಯಾಯಿತಿ ಇಲ್ಲ. ತಾನು ಏನೆಂದು ಕಿರುಚಿದೆ ಎಂಬುದು ಅವನಿಗೆ ಗೊತ್ತಿದೆ.

"ಅದೆಲ್ಲ ಪರದೇಶದ ಕತೆ, ನಮ್ಮ ಹಾಸನಕ್ಕೂ ಅದಕ್ಕೂ ಏನು?" ಎಂದರು ಸ್ನೇಹಿತರೊಬ್ಬರು. ಹೋಲಿಕೆ ತೀರಾ ದೊಡ್ಡದಾಗುತ್ತದೆ, ಆದರೂ ಹೇಳುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ನಾನಿದ್ದ ಕಚೇರಿಯಲ್ಲಿ, ಸಂಬಳ ಏಕೆ ತಡವಾಗುತ್ತಿದೆ ಎಂದು ಕೇಳಿದ ಸಹೋದ್ಯೋಗಿಯ ವಿರುದ್ಧ ನನ್ನಿಂದ ದೂರು ಬರೆಸಿಕೊಂಡರು. ಯಾರೂ ಗದರಲಿಲ್ಲ. ಕಾಫಿ ತರಿಸಿದರು. ಟೈಪ್ ಮಾಡಿಸಿ ಸಹಿ ಹಾಕಿಕೊಡುತ್ತೇನೆ ಎಂದೆ. "ಬೇಡ, ನಿಮ್ಮ ಕೈಬರಹದಲ್ಲೇ ಇರಲಿ" ಎಂದು ಸಾಹೇಬರು ತಮ್ಮ ಜೇಬಿನ ಪೆನ್ನನ್ನೇ ಕೊಟ್ಟರು. ಬರೆದು ಮುಗಿಸಿ, 'ಅಶಿಸ್ತು' ಎಂಬ ಪದದ ಕೆಳಗೆ ಗೆರೆ ಎಳೆದೆ. ಅದನ್ನು ಎಳೆಯಲು ಯಾರೂ ಹೇಳಿರಲಿಲ್ಲ.

ಕಾದಂಬರಿಯ ಕೊನೆಯಲ್ಲಿ ಮಾರ್ಚ್ ತಿಂಗಳ ಚಳಿಯ ಒಂದು ದಿನ ವಿನ್‌ಸ್ಟನ್ ಮತ್ತು ಜೂಲಿಯಾ ಉದ್ಯಾನದಲ್ಲಿ ಎದುರಾಗುತ್ತಾರೆ. ನಿನಗೆ ದ್ರೋಹ ಮಾಡಿದೆ ಎಂದು ಅವಳು ಹೇಳುತ್ತಾಳೆ, ಅವನೂ ಹೇಳುತ್ತಾನೆ. ನಮ್ಮಿಂದ ಅಷ್ಟೂ ಆಗಲಿಲ್ಲ. ಕೆಲಸ ಕಳೆದುಕೊಂಡ ಎರಡು ವರ್ಷಕ್ಕೆ ಆ ಸಹೋದ್ಯೋಗಿ ಹಾಸನದ ಬಸ್ ನಿಲ್ದಾಣದಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಾ ಸಿಕ್ಕಿದ. ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡು, ನನ್ನನ್ನು 'ಏನೋ' ಎಂದೇ ಮಾತನಾಡಿಸುತ್ತಿದ್ದವನು.

"ಚೆನ್ನಾಗಿದ್ದೀರಾ ಸಾರ್?" ಎಂದ.

ಮಳೆಯ ಬಗ್ಗೆ, ಮೆಣಸಿನ ಬೆಲೆಯ ಬಗ್ಗೆ ಮಾತನಾಡಿದೆವು. ಅಷ್ಟರಲ್ಲಿ ಅವನ ಬಸ್ ಬಂತು.